ಹೊಳೆ ದಾಟಿದ ಮೇಲೂ ಅಂಬಿಗನ ನೆನಪು



ನಿಮ್ಮ ಮನೆಯ ಕಪಾಟಿನ ಮೂಲೆಯಲ್ಲೋ ಅಜ್ಜಿಯ ಟ್ರಂಕಿನ ತಳದಲ್ಲೋ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ ಇದೆಯೇ ಎಂದು ಒಮ್ಮೆ ಹುಡುಕಿ ನೋಡಿ. ನೋಡಲು ಅದು ಕ್ಯಾಮೆರಾದಂತೆಯೇ ಇರುತ್ತದೆ. ಆದರೆ ಅದರಿಂದ ಫೋಟೋ ತೆಗೆಯಲು ಬರುವುದಿಲ್ಲ. ಬೆಳಕಿನ ಕಡೆಗೆ ಹಿಡಿದು ಅದರ ಕಿಂಡಿಗೆ ಕಣ್ಣಿಟ್ಟರೆ ಒಳಗೆ ಮಕ್ಕಾ, ಮದೀನಾ ನಗರಗಳ ಬಣ್ಣದ ಚಿತ್ರ ಕಾಣುತ್ತದೆ. ಗುಂಡಿ ಒತ್ತಿದರೆ ಮುಂದಿನ ಚಿತ್ರ ಬರುತ್ತದೆ. ಹಜ್ ಯಾತ್ರೆ ಮುಗಿಸಿ ಬಂದ ಹಿರಿಯರು ಝಮ್‌ಝಮ್ ನೀರು, ಖರ್ಜೂರ, ತಸ್ಬೀಹ್‌ಗಳ ಜೊತೆಗೆ ಮನೆಯ ಮಕ್ಕಳಿಗೆಂದು ಇದನ್ನೂ ತರುತ್ತಿದ್ದರು. ಇಂಥ ವಸ್ತುವನ್ನು ಉರ್ದುವಿನಲ್ಲಿ 'ಯಾದ್‌ಗಾರ್' ಎನ್ನುತ್ತೇವೆ, ಕನ್ನಡದಲ್ಲಿ 'ನೆನಪಿನ ಕಾಣಿಕೆ' ಎನ್ನುತ್ತೇವೆ. ಎರಡೂ ಮಾತಿನಲ್ಲಿರುವುದು ನೆನಪೇ.

ಈ ಆಟಿಕೆಗೆ ದೊಡ್ಡದೊಂದು ಇತಿಹಾಸವಿದೆ. ಅದರೊಳಗೆ ಮನುಷ್ಯರು ಇಟ್ಟು ನೋಡಿದ ಚಿತ್ರಗಳಲ್ಲಿ ಸೇತುವೆಗಳಿಗೆ ವಿಶೇಷ ಸ್ಥಾನವಿದೆ. ಆ ಕಥೆಯನ್ನು ನಿಮಗೆ ಹೇಳಿ, ಅದರಿಂದ ಶಿಕಾರಿಪುರ ಮತ್ತು ಸೊರಬದ ನಾವು ಕಲಿಯಬೇಕಾದ ಒಂದು ಪಾಠದ ಕಡೆಗೆ ನಿಮ್ಮ ಗಮನ ಸೆಳೆಯುವುದು ಈ ಲೇಖನದ ಉದ್ದೇಶ.

ಎರಡು ಕಣ್ಣು, ಒಂದು ನೋಟ

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರವಿದೆ. ಆದ್ದರಿಂದ ಎಡಗಣ್ಣು ಕಂಡ ದೃಶ್ಯವೇ ಬೇರೆ, ಬಲಗಣ್ಣು ಕಂಡ ದೃಶ್ಯವೇ ಬೇರೆ. ನಂಬಿಕೆ ಬಾರದಿದ್ದರೆ ಒಂದು ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜರುಗಿದಂತೆ ಕಾಣುತ್ತದೆ. ಮೆದುಳು ಈ ಎರಡು ನೋಟಗಳನ್ನು ಕೂಡಿಸುವುದರಿಂದಲೇ ಯಾವುದು ಹತ್ತಿರ, ಯಾವುದು ದೂರ ಎಂಬುದು ನಮಗೆ ತಿಳಿಯುತ್ತದೆ.

ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಈ ತತ್ವವನ್ನು ವಿವರಿಸಿದರು. ಸ್ವಲ್ಪವೇ ವ್ಯತ್ಯಾಸವಿರುವ ಎರಡು ಚಿತ್ರಗಳನ್ನು ಒಂದೊಂದು ಕಣ್ಣಿಗೆ ಪ್ರತ್ಯೇಕವಾಗಿ ತೋರಿಸಿದರೆ ಚಪ್ಪಟೆ ಕಾಗದದಲ್ಲೂ ಆಳ ಕಾಣುತ್ತದೆ ಎಂದು ಅವರು ತೋರಿಸಿಕೊಟ್ಟರು. ಆ ಉಪಕರಣಕ್ಕೆ ಸ್ಟೀರಿಯೋಸ್ಕೋಪ್ ಎಂಬ ಹೆಸರು ಬಂತು. 1851ರ ಲಂಡನ್ ಮಹಾ ಪ್ರದರ್ಶನದ ನಂತರ ಅದು ಯುರೋಪಿನ ಮನೆಮನೆಗೆ ಹೋಯಿತು. ಅಮೆರಿಕದ ವೈದ್ಯ ಮತ್ತು ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ 1861ರಲ್ಲಿ ಕೈಯಲ್ಲಿ ಹಿಡಿದು ನೋಡುವಂಥ ಹಗುರವಾದ ಮಾದರಿಯನ್ನು ರೂಪಿಸಿದರು. ಭಾರತವೂ ಈ ಪೆಟ್ಟಿಗೆಯೊಳಗೆ ಸೇರಿತು. 1907ರಲ್ಲಿ ಅಂಡರ್‌ವುಡ್ ಅಂಡ್ ಅಂಡರ್‌ವುಡ್ ಎಂಬ ಅಮೆರಿಕದ ಸಂಸ್ಥೆ ಜೇಮ್ಸ್ ರಿಕಾಲ್ಟನ್ ಅವರು ತೆಗೆದ ನಮ್ಮ ದೇಶದ ನೂರು ಜೋಡಿಚಿತ್ರಗಳನ್ನು, ಅವುಗಳ ವಿವರಣೆಯ ಪುಸ್ತಕದೊಂದಿಗೆ ಹೊರತಂದಿತು.

ಹಜ್ ಯಾತ್ರಿಕರು ತರುತ್ತಿದ್ದ ಪೆಟ್ಟಿಗೆಗೆ ಸಾಮಾನ್ಯವಾಗಿ ಒಂದೇ ಕಿಂಡಿ. ಆದ್ದರಿಂದ ಅದರಲ್ಲಿ ಚಿತ್ರ ದೊಡ್ಡದಾಗಿ ಕಂಡರೂ ಆಳ ಕಾಣುವುದಿಲ್ಲ. ಆಳ ಕಾಣಬೇಕಾದರೆ ಎರಡು ಕಿಂಡಿ, ಎರಡು ಚಿತ್ರ ಬೇಕೇ ಬೇಕು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಇದೇ ಮಾತು ಇನ್ನೊಂದು ಅರ್ಥದಲ್ಲಿ ನಮಗೆ ಬೇಕಾಗುತ್ತದೆ.

ಸೇತುವೆಯ ಕಂಪನಿ ಮಾಡಿದ ಆಟಿಕೆ

ಕಾಗದದ ಬದಲು ಫಿಲ್ಮ್ ಬಂದದ್ದು 1930ರ ದಶಕದಲ್ಲಿ. ಇಲ್ಲಿ ಒಂದು ಸ್ವಾರಸ್ಯವಿದೆ. ಅಮೆರಿಕದ ಇಲಿನಾಯ್ ರಾಜ್ಯದ ರಾಕ್ ಐಲೆಂಡ್ ಊರಿನಲ್ಲಿ ಸೇತುವೆ ಮತ್ತು ಕಬ್ಬಿಣದ ಕೆಲಸ ಮಾಡುವ ಒಂದು ಕಂಪನಿ ಇತ್ತು. ಅದರ ಹೆಸರೇ 'ರಾಕ್ ಐಲೆಂಡ್ ಬ್ರಿಜ್ ಅಂಡ್ ಐರನ್ ವರ್ಕ್ಸ್'. ಇಡೀ ದೇಶ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಆ ದಿನಗಳಲ್ಲಿ ಈ ಕಂಪನಿಯ ಅಂಗಸಂಸ್ಥೆಯೊಂದು 'ಟ್ರೂ-ವ್ಯೂ' ಎಂಬ ಕೈಪೆಟ್ಟಿಗೆಯನ್ನು ತಯಾರಿಸಿತು. ಕಪ್ಪು-ಬಿಳುಪು ಫಿಲ್ಮಿನ ಒಂದು ಸುರುಳಿಯನ್ನು ಅದರೊಳಗೆ ಸೇರಿಸಿ, ಎರಡು ಕಣ್ಣಿಟ್ಟು, ಸನ್ನೆಯನ್ನು ಒತ್ತುತ್ತಾ ಒಂದೊಂದೇ ಚಿತ್ರ ನೋಡಬೇಕಿತ್ತು. ಊರು ಸುತ್ತಲು ಹಣವಿಲ್ಲದ ಜನ ಮನೆಯಲ್ಲೇ ಕುಳಿತು ಜಗತ್ತನ್ನು ನೋಡಿದರು.

1938ರಲ್ಲಿ ವಿಲಿಯಂ ಗ್ರೂಬರ್ ಎಂಬ ಜರ್ಮನ್ ಮೂಲದ ಪಿಯಾನೋ ಕೆಲಸಗಾರ ಮತ್ತು ಅಂಚೆಚಿತ್ರಗಳನ್ನು ಮಾರುತ್ತಿದ್ದ ಸಾಯರ್ಸ್ ಕಂಪನಿಯ ಹೆರಾಲ್ಡ್ ಗ್ರೇವ್ಸ್ ಅಮೆರಿಕದ ಒಂದು ಪ್ರವಾಸಿ ತಾಣದಲ್ಲಿ ಆಕಸ್ಮಿಕವಾಗಿ ಭೇಟಿಯಾದರು. ಆ ಭೇಟಿಯ ಫಲವೇ 'ವ್ಯೂ-ಮಾಸ್ಟರ್'. ದುಂಡನೆಯ ರಟ್ಟಿನ ಬಿಲ್ಲೆ, ಅದರ ಅಂಚಿನಲ್ಲಿ 14 ಪುಟ್ಟ ಬಣ್ಣದ ಫಿಲ್ಮ್ ಚೂರುಗಳು. ಎರಡೆರಡು ಸೇರಿ ಏಳು ದೃಶ್ಯಗಳು. ಇದು ಜನರ ಮುಂದೆ ಬಂದದ್ದು 1939ರಲ್ಲಿ, ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ. ಮೊದಲಿಗೆ ಇದು ಮಕ್ಕಳ ಆಟಿಕೆಯಾಗಿರಲಿಲ್ಲ. ಪ್ರವಾಸ ಹೋದವರು ಕೊಂಡು ತರುವ ನೆನಪಿನ ಕಾಣಿಕೆಯಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸೈನಿಕರ ತರಬೇತಿಗಾಗಿ ಸುಮಾರು ಒಂದು ಲಕ್ಷ ವ್ಯೂ-ಮಾಸ್ಟರ್‌ಗಳನ್ನು ಖರೀದಿಸಿತು. 1951ರಲ್ಲಿ ಸಾಯರ್ಸ್ ಕಂಪನಿ ಟ್ರೂ-ವ್ಯೂವನ್ನೂ ಕೊಂಡುಕೊಂಡಿತು. ಮುಂದೆ ವ್ಯೂ-ಮಾಸ್ಟರ್ ನಮ್ಮ ದೇಶದಲ್ಲೂ ತಯಾರಾಯಿತು.

ವ್ಯೂ-ಮಾಸ್ಟರ್ ಬಂದ ಅದೇ 1939ರಲ್ಲಿ ಅಮೆರಿಕದ ಇನ್ನೊಂದು ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಆ ಊರಿನ ಎರಡು ಹೊಸ ಸೇತುವೆಗಳ ಸಂಭ್ರಮಕ್ಕಾಗಿಯೇ ಅದನ್ನು ಏರ್ಪಡಿಸಲಾಗಿತ್ತು. ಒಂದು 1936ರಲ್ಲಿ ತೆರೆದ ಬೇ ಸೇತುವೆ, ಇನ್ನೊಂದು 1937ರ ಮೇ ತಿಂಗಳಲ್ಲಿ ತೆರೆದ ಗೋಲ್ಡನ್ ಗೇಟ್ ಸೇತುವೆ. ಅಂಚೆಚಿತ್ರ, ಪದಕ, ಫಿಲ್ಮ್ ಬಿಲ್ಲೆ, ಹೀಗೆ ನೆನಪಿನ ಕಾಣಿಕೆಯ ಎಲ್ಲ ರೂಪಗಳಲ್ಲೂ ಗೋಲ್ಡನ್ ಗೇಟ್ ಸೇತುವೆ ಪ್ರಪಂಚ ಸುತ್ತಿತು. ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಸೇತುವೆಗಳಲ್ಲಿ ಅದೂ ಒಂದು.

ಚಿತ್ರದೊಳಗೆ ಇಲ್ಲದವರು

ಕಣ್ಣಿಗೆ ಪೆಟ್ಟಿಗೆ ಹಿಡಿದು ಆ ಸೇತುವೆಯನ್ನು ನೋಡುತ್ತಿದ್ದೀರಿ ಎಂದು ಭಾವಿಸಿ. ಕಿತ್ತಳೆ-ಕೆಂಪು ಬಣ್ಣದ, 227 ಮೀಟರ್ ಎತ್ತರದ ಎರಡು ಗೋಪುರಗಳು. ಅವುಗಳ ನಡುವೆ 1280 ಮೀಟರ್ ಉದ್ದದ ತೂಗುದಾರಿ. ಎರಡು ಮಹಾ ಹಗ್ಗಗಳು, ಒಂದೊಂದರಲ್ಲೂ 27 ಸಾವಿರಕ್ಕೂ ಹೆಚ್ಚು ಉಕ್ಕಿನ ತಂತಿಗಳು. ಕೆಳಗೆ ನೀಲಿ ಸಮುದ್ರ. ಎಲ್ಲವೂ ಸುಂದರ.

ಈಗ ಚಿತ್ರದಲ್ಲಿ ಏನಿಲ್ಲ ಎಂಬುದನ್ನು ನೋಡೋಣ. 1933ರ ಜನವರಿಯಲ್ಲಿ ಆರಂಭವಾದ ಈ ಕಾಮಗಾರಿಯಲ್ಲಿ 11 ಮಂದಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅವರಲ್ಲಿ ಹತ್ತು ಮಂದಿ ಸತ್ತದ್ದು ಒಂದೇ ದಿನ, 1937ರ ಫೆಬ್ರವರಿ 17ರಂದು. ಕೆಲಸದ ಅಟ್ಟಣೆ ಕಳಚಿ, ಕೆಳಗೆ ಕಟ್ಟಿದ್ದ ರಕ್ಷಣಾ ಬಲೆಯನ್ನೂ ಹರಿದುಕೊಂಡು ಸಮುದ್ರಕ್ಕೆ ಬಿತ್ತು. ಉದ್ಘಾಟನೆಗೆ ಆಗ ಉಳಿದಿದ್ದದ್ದು ಸುಮಾರು ಮೂರು ತಿಂಗಳು. ಅದೇ ಬಲೆ ಬೇರೆ ಬೇರೆ ಸಂದರ್ಭಗಳಲ್ಲಿ 19 ಮಂದಿಯ ಜೀವ ಉಳಿಸಿತ್ತು ಎಂಬುದೂ ನಿಜ.

ಇನ್ನೊಬ್ಬರ ಕಥೆ ಕೇಳಿ. ಅವರು ಚಾರ್ಲ್ಸ್ ಎಲ್ಲಿಸ್, ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದವರು. ಸೇತುವೆ ನಿಲ್ಲಬೇಕಾದರೆ ಬೇಕಾದ ಕಠಿಣ ಲೆಕ್ಕಾಚಾರದ ಬಹುಭಾಗವನ್ನು ಮಾಡಿದವರು ಅವರೇ. ಆದರೆ 1931ರಲ್ಲಿ ಮುಖ್ಯ ಇಂಜಿನಿಯರ್ ಜೋಸೆಫ್ ಸ್ಟ್ರಾಸ್ ಅವರನ್ನು ಕೆಲಸದಿಂದ ತೆಗೆದರು. ಸೇತುವೆ ತೆರೆದಾಗ ಎಲ್ಲಿಸ್ ಅವರ ಹೆಸರು ಎಲ್ಲೂ ಇರಲಿಲ್ಲ. ಸ್ಟ್ರಾಸ್ ಅವರ ಪ್ರತಿಮೆ ಸೇತುವೆಯ ಬಳಿ ನಿಂತಿತು. ಎಲ್ಲಿಸ್ ಅವರ ಪಾತ್ರವನ್ನು ಸೇತುವೆಯ ಆಡಳಿತ ಸಂಸ್ಥೆ ಅಧಿಕೃತವಾಗಿ ಒಪ್ಪಿಕೊಂಡದ್ದು 2007ರಲ್ಲಿ, ಅವರ ಹೆಸರಿನ ಫಲಕ ಹಾಕಿದ್ದು 2012ರಲ್ಲಿ. ಅಂದರೆ ಸೇತುವೆ ತೆರೆದು 75 ವರ್ಷಗಳಾದ ಮೇಲೆ.

ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿದ್ದೀರಾ? ಅಲ್ಲಿ ಕದಂಬರ ಇತಿಹಾಸ ಹೇಳುವ ಸ್ತಂಭ ಶಾಸನವಿದೆ. ಅದನ್ನು ರಚಿಸಿದ ಕವಿ ಕುಬ್ಜನ ಹೆಸರು ಅದೇ ಕಲ್ಲಿನಲ್ಲಿದೆ. ಸುಮಾರು ಒಂದೂವರೆ ಸಾವಿರ ವರ್ಷ ಕಳೆದರೂ ಆ ಹೆಸರು ಉಳಿದಿದೆ. ಗೋಲ್ಡನ್ ಗೇಟ್‌ನಂಥ ಆಧುನಿಕ ಸೇತುವೆಯ ಲೆಕ್ಕ ಮಾಡಿದವರ ಹೆಸರು ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಹೆಸರು ಉಳಿಯುವುದು ವಸ್ತುವಿನ ಗಾತ್ರದಿಂದಲ್ಲ, ಯಾರಾದರೂ ಬರೆದಿಟ್ಟರೆ ಮಾತ್ರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇದು ಯಾವ ಸೇತುವೆ?

ಚಿತ್ರದ ಮೇಲೆ ವರ್ಷ ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಗಳಿಗೇ ಹತ್ತಿರವಾದ ಉದಾಹರಣೆಯನ್ನು ಕೊಡುತ್ತೇನೆ. ಹಜ್ ಸಮಯದಲ್ಲಿ ಮಿನಾದಲ್ಲಿ ಕಲ್ಲೆಸೆಯುವ ಸ್ಥಳದಲ್ಲಿ ಜಮರಾತ್ ಸೇತುವೆ ಇದೆ. ಅದನ್ನು ಮೊದಲು ಕಟ್ಟಿದ್ದು 1963ರಲ್ಲಿ. ಯಾತ್ರಿಕರ ಸಂಖ್ಯೆ ಹೆಚ್ಚಿದಂತೆ ಅಲ್ಲಿ ಮತ್ತೆ ಮತ್ತೆ ನೂಕುನುಗ್ಗಲು ಉಂಟಾಯಿತು. 2006ರ ಜನವರಿ 12ರಂದು ನಡೆದ ದುರಂತದಲ್ಲಿ 340ಕ್ಕೂ ಹೆಚ್ಚು ಯಾತ್ರಿಕರು ಮರಣ ಹೊಂದಿದರು. ಆ ಹಜ್ ಮುಗಿದ ಮೇಲೆ ಹಳೆಯ ಸೇತುವೆಯನ್ನು ಕೆಡವಿ, ಬರುವ ದಾರಿ ಮತ್ತು ಹೋಗುವ ದಾರಿಗಳನ್ನು ಬೇರ್ಪಡಿಸಿ, ಹಲವು ಅಂತಸ್ತುಗಳ ಹೊಸ ಸೇತುವೆಯನ್ನು ಕಟ್ಟಲಾಯಿತು.

ಹೀಗಾಗಿ ಅಜ್ಜ ನಡೆದ ಸೇತುವೆ ಬೇರೆ, ಮೊಮ್ಮಗ ನಡೆದ ಸೇತುವೆ ಬೇರೆ. ಇಬ್ಬರ ಫೋಟೋಗಳೂ ಒಂದೇ ಆಲ್ಬಮ್‌ನಲ್ಲಿವೆ ಎಂದಿಟ್ಟುಕೊಳ್ಳಿ. ವರ್ಷ ಬರೆದಿಲ್ಲದಿದ್ದರೆ ಇನ್ನು 50 ವರ್ಷಗಳ ನಂತರ ನೋಡುವವರಿಗೆ ಎರಡೂ ಒಂದೇ. ಹಳೆಯ ಹಾಜಿಗಳಲ್ಲಿ ಅನೇಕರು ಮುಂಬಯಿಯಿಂದ ಹಡಗಿನಲ್ಲಿ ಹೋದವರು. ಭಾರತದಿಂದ ಹಜ್‌ಗೆ ಹಡಗಿನ ಪ್ರಯಾಣ 1995ರಲ್ಲಿ ನಿಂತಿತು. ಆ ಸಮುದ್ರಯಾನವನ್ನು ಕಂಡವರು ಈಗ ನಮ್ಮ ನಡುವೆ ಕೆಲವರೇ ಉಳಿದಿದ್ದಾರೆ. ಅವರು ತಂದ ಪುಟ್ಟ ಪೆಟ್ಟಿಗೆಯಲ್ಲಿ ಕಾಬಾದ ಚಿತ್ರವಿದೆ. ಅದನ್ನು ನೋಡಲು ಅವರು ಎಷ್ಟು ದಿನ ನೀರಿನ ಮೇಲಿದ್ದರು, ಹಡಗಿನಲ್ಲಿ ಏನು ಉಂಡರು, ಊರಿನಿಂದ ಮುಂಬಯಿಗೆ ಹೇಗೆ ಹೋದರು ಎಂಬುದು ಅದರಲ್ಲಿಲ್ಲ. ಅದು ಇರುವುದು ಅವರ ಬಾಯಲ್ಲಿ ಮಾತ್ರ.

ನಮ್ಮ ಶರಾವತಿಯ ಸೇತುವೆ

ಈಗ ನಮ್ಮ ನೆಲಕ್ಕೆ ಬರೋಣ. ಶಿಕಾರಿಪುರದಲ್ಲಿ ಕುಮುದ್ವತಿ, ಸೊರಬದಲ್ಲಿ ದಂಡಾವತಿ ಮತ್ತು ವರದಾ. ಹೊಳೆ, ಹಳ್ಳ, ಕೆರೆಕೋಡಿಗಳ ನಾಡು ನಮ್ಮದು. ಉರ್ದುವಿನ 'ಪುಲ್', ಗ್ರಂಥದ 'ಸೇತುವೆ' ಎರಡೂ ನಮಗೆ ಗೊತ್ತು. ಆದರೆ ಮಲೆನಾಡಿನ ಜನರ ಬಾಯಲ್ಲಿರುವ ಮಾತು 'ಸಂಕ'. ಅಡಿಕೆ ಮರವನ್ನೋ ಕಾಡುಮರವನ್ನೋ ಅಡ್ಡ ಹಾಕಿ ಮಾಡಿದ ಕಾಲುಸಂಕದ ಮೇಲೆ ಪುಸ್ತಕದ ಚೀಲ ಹೊತ್ತು ಶಾಲೆಗೆ ಹೋದ ಮಕ್ಕಳು ಎಷ್ಟೋ! ಆ ಸಂಕಗಳ ಚಿತ್ರವನ್ನು ಯಾರೂ ನೆನಪಿನ ಕಾಣಿಕೆಯಾಗಿ ಮಾರಲಿಲ್ಲ.

ಪಕ್ಕದ ಸಾಗರ ತಾಲ್ಲೂಕಿನ ಕಥೆ ಇನ್ನೂ ದೊಡ್ಡದು. ಶರಾವತಿಗೆ 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಲಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದು ನಿಂತಾಗ ಆ ಹಳೆಯ ಅಣೆಕಟ್ಟೇ ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟು ಹಿನ್ನೀರು ತುಂಬ ಇಳಿದ ವರ್ಷಗಳಲ್ಲಿ ಅದು ಮತ್ತೆ ತಲೆ ಎತ್ತುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 1819 ಅಡಿ ಮಟ್ಟಕ್ಕೆ ನೀರು ತುಂಬುವ ಈ ಜಲಾಶಯದಿಂದ 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೆಯುತ್ತದೆ. ದೀರ್ಘಕಾಲ ನಾಡಿನ ಬಹುಪಾಲು ಮನೆಗಳ ದೀಪ ಉರಿದದ್ದು ಈ ನೀರಿನಿಂದ. ಆದರೆ ಅದಕ್ಕಾಗಿ ಮನೆ, ಗದ್ದೆ, ತೋಟ ಬಿಟ್ಟು ಎದ್ದುಹೋದವು ಸಾವಿರಾರು ಕುಟುಂಬಗಳು. ಜಿಲ್ಲೆಯ ಬೇರೆ ಬೇರೆ ಕಡೆ ನೆಲೆ ನಿಂತ ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ 60 ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ.

ಎದ್ದುಹೋಗದೆ ಉಳಿದವರ ಕಷ್ಟ ಬೇರೆ ಬಗೆಯದು. ಕರೂರು, ಬಾರಂಗಿ ಹೋಬಳಿಗಳ ಊರುಗಳು ಹಿನ್ನೀರಿನ ಆಚೆ ದಡದಲ್ಲಿ ಸಿಕ್ಕಿಕೊಂಡವು. ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ಬರಬೇಕಾದರೆ ಒಂದೋ ಬಹುದೂರ ಬಳಸಿಕೊಂಡು ಬರಬೇಕು, ಇಲ್ಲವೇ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಲಾಂಚ್‌ನಲ್ಲಿ ದಾಟಬೇಕು. ಅಂಬಾರಗೋಡ್ಲು ದಡದ ಆ ಜಾಗಕ್ಕೆ ಜನರಿಟ್ಟ ಹೆಸರು 'ಹೊಳೆಬಾಗಿಲು'. ಎಷ್ಟು ಅರ್ಥಪೂರ್ಣವಾದ ಹೆಸರು ನೋಡಿ! ಬಾಗಿಲೆಂದ ಮೇಲೆ ತೆರೆಯುವ ಹೊತ್ತು, ಮುಚ್ಚುವ ಹೊತ್ತು ಇರಲೇಬೇಕಲ್ಲವೇ? ಕತ್ತಲಾದ ಮೇಲೆ ಕಾಯಿಲೆ ಬಿದ್ದವರ, ಹೆರಿಗೆ ನೋವು ಬಂದವರ ಪಾಡನ್ನು ನೀವೇ ಊಹಿಸಿಕೊಳ್ಳಿ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚ್‌ನಲ್ಲಿ ವಾಹನ ಸಾಗಿಸುವುದೂ ನಿಲ್ಲುತ್ತಿತ್ತು. ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು, ಅಡಿಕೆ ಮಾರಲು ಹೊರಟ ರೈತರು, ಸಿಗಂದೂರಿಗೆ ಬರುವ ಭಕ್ತರು, ತುಮರಿಯ ಶಾಲೆಗೆ ಹೋಗುವ ಮೇಷ್ಟರು, ಎಲ್ಲರೂ ಲಾಂಚಿನ ವೇಳೆ ನೋಡಿಯೇ ದಿನವನ್ನು ಅಳೆಯುತ್ತಿದ್ದರು.

ಅಲ್ಲಿಗೆ ಸೇತುವೆ ಬೇಕೆಂಬುದು ಹಲವು ದಶಕಗಳ ಬೇಡಿಕೆ. 2018ರಲ್ಲಿ ಶಂಕುಸ್ಥಾಪನೆಯಾಯಿತು. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಸೇತುವೆಯನ್ನು ಉದ್ಘಾಟಿಸಿದರು. ಸುಮಾರು 2.44 ಕಿ.ಮೀ. ಉದ್ದ, ಸುಮಾರು 470 ಕೋಟಿ ರೂಪಾಯಿ ವೆಚ್ಚ. ನಡುಭಾಗದಲ್ಲಿ ಕಂಬಗಳಿಂದ ಇಳಿದ ಕೇಬಲ್‌ಗಳು ದಾರಿಯನ್ನು ಹಿಡಿದು ನಿಂತಿವೆ. ಅಂದಿನಿಂದ ನಮ್ಮ ಎರಡೂ ತಾಲ್ಲೂಕುಗಳಿಂದ ಎಷ್ಟೋ ಮಂದಿ ಹೋಗಿ ನೋಡಿ ಬಂದಿದ್ದಾರೆ. ಪ್ರತಿಯೊಬ್ಬರ ಮೊಬೈಲಿನಲ್ಲೂ ಆ ಸೇತುವೆಯ ಚಿತ್ರವಿದೆ. ವ್ಯೂ-ಮಾಸ್ಟರ್‌ನ ಪ್ರವಾಸಿ ತಾಣಗಳ ಬಿಲ್ಲೆಗಳ ತಯಾರಿಕೆ 2008ರಲ್ಲೇ ನಿಂತುಹೋಯಿತು. ಆದರೆ ಅದರ ಕೆಲಸವನ್ನು ಈಗ ನಮ್ಮ ಜೇಬಿನ ಮೊಬೈಲ್ ಮಾಡುತ್ತಿದೆ.

ಸೇತುವೆ ಬಂದದ್ದು ಸಂತೋಷದ ವಿಷಯ. ಆದರೆ ನಮ್ಮಲ್ಲಿ ಒಂದು ಗಾದೆಯಿದೆ: ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಲಾಂಚ್ ನಡೆಸಿದವರು, ಅದರಲ್ಲಿ ಟಿಕೆಟ್ ಹರಿದವರು, ದಡದಲ್ಲಿ ಚಹಾ ಮಾರಿದವರು, ರಾತ್ರಿ ರೋಗಿಯನ್ನು ದಾಟಿಸಿದವರು, ಸೇತುವೆಗಾಗಿ ಅರ್ಜಿ ಹಿಡಿದು ಅಲೆದವರು, ನೀರಿನ ನಡುವೆ ನಿಂತು ಕಂಬ ಕಟ್ಟಿದ ದೂರದೂರಿನ ಕಾರ್ಮಿಕರು, ಇವರಾರೂ ನಮ್ಮ ಮೊಬೈಲಿನ ಚಿತ್ರದಲ್ಲಿಲ್ಲ. ಸೇತುವೆ ತೆರೆದ ವರ್ಷ ಹುಟ್ಟಿದ ಮಗು ಶಾಲೆಗೆ ಬರುವ ಹೊತ್ತಿಗೆ ಅದಕ್ಕೆ 'ಲಾಂಚ್' ಎಂದರೆ ಏನೆಂದು ಬಿಡಿಸಿ ಹೇಳಬೇಕಾಗುತ್ತದೆ.

ಇಲ್ಲಿ ನಾನು ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಒಂದೇ ಕಿಂಡಿಯ ಪೆಟ್ಟಿಗೆಯಲ್ಲಿ ಆಳ ಕಾಣುವುದಿಲ್ಲ. ಸೇತುವೆಯ ಚಿತ್ರ ಒಂದು ಕಣ್ಣಿನ ನೋಟ. ಸೇತುವೆ ಇಲ್ಲದಿದ್ದಾಗ ದಾಟಿದವರ ಮಾತು ಇನ್ನೊಂದು ಕಣ್ಣಿನ ನೋಟ. ಎರಡನ್ನೂ ಕೂಡಿಸಿ ನೋಡಿದಾಗ ಮಾತ್ರ ಅದು ಇತಿಹಾಸವಾಗುತ್ತದೆ.

ನಾವು ಮಾಡಬಹುದಾದ ಕೆಲಸ

ಇದಕ್ಕೆ ಹಣ ಬೇಡ, ದೊಡ್ಡ ಪದವಿಯೂ ಬೇಡ. ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲವು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಮನೆಯಲ್ಲಿರುವ ಹಳೆಯ ಫೋಟೋಗಳನ್ನು ಹೊರತೆಗೆದು ಹಿರಿಯರ ಮುಂದಿಡಿ. ಇದು ಯಾವ ಊರು, ಯಾವ ವರ್ಷ, ಇವರು ಯಾರು ಎಂದು ಕೇಳಿ, ಪ್ರತಿಯೊಂದರ ಹಿಂಭಾಗದಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್ ಪೆನ್ ಬೇಡ, ಅದರ ಒತ್ತು ಮುಂಭಾಗದಲ್ಲಿ ಮೂಡುತ್ತದೆ. ಮೊಬೈಲಿನ ಚಿತ್ರಗಳಿಗೂ ಇದೇ ರೀತಿ ಹೆಸರು, ಸ್ಥಳ, ವರ್ಷ ಸೇರಿಸಿಡಿ.

ಎರಡನೆಯದು, ಹಳೆಯ ಫಿಲ್ಮ್ ಪೆಟ್ಟಿಗೆ ಸಿಕ್ಕಿದರೆ ಬಿಸಾಡಬೇಡಿ. ಬಣ್ಣದ ಫಿಲ್ಮ್‌ಗಳೆಲ್ಲ ಒಂದೇ ಬಗೆಯಲ್ಲಿ ಬಾಳುವುದಿಲ್ಲ. ಕೊಡಾಕ್ರೋಮ್ ಎಂಬ ಫಿಲ್ಮಿನಲ್ಲಿ ಮಾಡಿದ ಹಳೆಯ ವ್ಯೂ-ಮಾಸ್ಟರ್ ಬಿಲ್ಲೆಗಳು ಕತ್ತಲಲ್ಲಿ ಇಟ್ಟಿದ್ದರೆ ಇಂದಿಗೂ ಹೊಸದರಂತೆ ಕಾಣುತ್ತವೆ. ನಂತರ ಬಂದ ಕೆಲವು ಬಗೆಯ ಫಿಲ್ಮ್‌ಗಳಲ್ಲಿ ನೀಲಿ-ಹಸಿರು ಬಣ್ಣ ಮೊದಲು ಮಾಸಿ ಇಡೀ ಚಿತ್ರ ಕೆಂಪಾಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟೂ ಹಿಡಿಯುತ್ತದೆ. ಆದ್ದರಿಂದ ಅವುಗಳನ್ನು ಒಣಗಿದ, ಕತ್ತಲಿರುವ ಜಾಗದಲ್ಲಿಡಿ. ಒಂದು ಮೊಬೈಲಿನ ಪರದೆಯನ್ನು ಬೆಳ್ಳಗೆ ಬೆಳಗಿಸಿ, ಅದರ ಮುಂದೆ ಪೆಟ್ಟಿಗೆಯನ್ನು ಹಿಡಿದು, ಇನ್ನೊಂದು ಮೊಬೈಲನ್ನು ಕಿಂಡಿಗೆ ಇಟ್ಟು ಫೋಟೋ ತೆಗೆದರೆ ಒಳಗಿನ ಚಿತ್ರದ ಪ್ರತಿ ಸಿಗುತ್ತದೆ.

ಮೂರನೆಯದು, ನಿಮ್ಮ ಊರಿನ ಸೇತುವೆಯ ಬಳಿ ಹೋಗಿ ನೋಡಿ. ಅನೇಕ ಸೇತುವೆಗಳ ತುದಿಯಲ್ಲಿ ಕಟ್ಟಿದ ವರ್ಷದ ಕಲ್ಲು ಇರುತ್ತದೆ. ಅದನ್ನು ಬರೆದುಕೊಳ್ಳಿ. ನಂತರ ಊರಿನ ಹಿರಿಯರನ್ನು, ಅವರು ಯಾವ ಜಾತಿ, ಯಾವ ಮತದವರೇ ಆಗಿರಲಿ, ಕೇಳಿ: ಇದು ಬರುವ ಮೊದಲು ಹೇಗೆ ದಾಟುತ್ತಿದ್ದಿರಿ? ದಾಟಿಸುತ್ತಿದ್ದವರು ಯಾರು? ಅವರಿಗೆ ಏನು ಕೊಡುತ್ತಿದ್ದಿರಿ? ಮಳೆಗಾಲದಲ್ಲಿ ಶಾಲೆಗೆ ಹೋಗುತ್ತಿದ್ದದ್ದು ಹೇಗೆ? ಯಾರಾದರೂ ನೀರುಪಾಲಾದದ್ದುಂಟೇ? ಉತ್ತರ ಉರ್ದುವಿನಲ್ಲಿ ಬಂದರೆ ಉರ್ದುವಿನಲ್ಲೇ, ಕನ್ನಡದಲ್ಲಿ ಬಂದರೆ ಕನ್ನಡದಲ್ಲೇ, ಹೇಳಿದವರ ಮಾತನ್ನು ತಿದ್ದದೆ ಬರೆದುಕೊಳ್ಳಿ. ಕೆಳಗೆ ಹೇಳಿದವರ ಹೆಸರು, ವಯಸ್ಸು, ತಾರೀಖು ಹಾಕಿ. ಒಂದು ನೋಟ್‌ಬುಕ್ ತುಂಬಿದರೆ ಅದರ ಒಂದು ಪ್ರತಿಯನ್ನು ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಡಿ.

ಮಿತ್ರರೇ, ಚಾರ್ಲ್ಸ್ ಎಲ್ಲಿಸ್ ಅವರ ಹೆಸರು 70 ವರ್ಷಗಳ ನಂತರವಾದರೂ ಮರಳಿ ಬಂದದ್ದಕ್ಕೆ ಕಾರಣ, ಅವರ ಲೆಕ್ಕದ ಕಾಗದಗಳು ಮತ್ತು ಪತ್ರಗಳು ಉಳಿದಿದ್ದವು, ಅವುಗಳನ್ನು ಓದುವವರಿದ್ದರು. ನಮ್ಮ ಅಂಬಿಗರ ಬಳಿ, ಲಾಂಚಿನವರ ಬಳಿ, ಹಡಗಿನಲ್ಲಿ ಹಜ್‌ಗೆ ಹೋದ ಹಿರಿಯರ ಬಳಿ ಅಂಥ ಕಾಗದಗಳಿಲ್ಲ. ಅವರ ನೆನಪೇ ಅವರ ದಾಖಲೆ. ಅವರಲ್ಲಿ ಹಲವರಿಗೆ ಈಗ ಎಂಬತ್ತು ದಾಟಿದೆ. ಮುಂದಿನ ಪರೀಕ್ಷೆ ಮುಗಿಯುವ ತನಕ ಕಾಯದೆ, ಈ ಭಾನುವಾರವೇ ನಿಮ್ಮ ಓಣಿಯ ಒಬ್ಬ ಹಿರಿಯರ ಬಳಿ ಹೋಗಿ ಕುಳಿತು ಮೊದಲ ಪ್ರಶ್ನೆ ಕೇಳಿ.